ಕೂಲರ್ ಕೆಲಸ ಮಾಡದ ಊರಿನಲ್ಲಿ ಇಪ್ಪತ್ತೊಂದು ಕಿಲೋಮೀಟರ್: ಕಲಬುರಗಿಯಿಂದ ದ್ವೀಪಕ್ಕೆ ಓಡಲು ಹೊರಟವರಿಗೆ

ಮಾರ್ಚ್ ಬಂತೆಂದರೆ ಕಲಬುರಗಿಯ ಮನೆಗಳಲ್ಲಿ ಅಟ್ಟದಿಂದ ಕೂಲರ್ ಇಳಿಯುತ್ತದೆ. ಹಳೆಯ ಹುಲ್ಲು ಕಿತ್ತು ಹೊಸದು ತುಂಬಿ, ಕಿಟಕಿಗೆ ಆನಿಸಿ, ನಾಲ್ಕು ಕೊಡ ನೀರು ಸುರಿದು ಹಚ್ಚಿದರೆ ಸ್ವಲ್ಪ ಹೊತ್ತಿನಲ್ಲಿ ಕೋಣೆ ತಣ್ಣಗಾಗುತ್ತದೆ. ಅದೇ ಕೂಲರನ್ನು ಜುಲೈ ತಿಂಗಳ ಮಳೆ ಹಿಡಿದ ಸಂಜೆಯಲ್ಲಿ ಹಚ್ಚಿ ನೋಡಿ. ಹಾಸಿಗೆ ಜಿಗುಟು, ದಿಂಬು ಜಿಗುಟು, ಮೈಯೂ ಜಿಗುಟು; ತಂಪು ಮಾತ್ರ ಇಲ್ಲ. ಯಂತ್ರ ಅದೇ, ನೀರು ಅದೇ. ಬದಲಾದದ್ದು ಗಾಳಿ.

ಉಷ್ಣವಲಯದ ದ್ವೀಪವೊಂದರಲ್ಲಿ ಅರ್ಧ ಮ್ಯಾರಥಾನ್ ಓಡಬೇಕೆಂದು ಆಸೆಪಟ್ಟಿರುವ ನಮ್ಮ ಭಾಗದವರಿಗೆ ನಾನು ಮೊದಲು ಹೇಳುವುದು ಈ ಕೂಲರಿನ ಕಥೆಯನ್ನೇ. ನಿಮ್ಮ ಮೈ ಕೂಡ ಒಂದು ಕೂಲರ್. ಬೆವರು ಆವಿಯಾದಾಗ ಮಾತ್ರ ಅದು ತಣಿಯುತ್ತದೆ. ದ್ವೀಪದಲ್ಲಿ ಬಹುಪಾಲು ವರ್ಷವೆಲ್ಲ ಜುಲೈ.

ಇದನ್ನು ನಾನು ಬುದ್ಧಿವಂತಿಕೆಯಿಂದ ತಿಳಿದುಕೊಂಡವಳಲ್ಲ. ಮೊದಲ ಸಲ ಥಾಯ್ಲೆಂಡಿನ ಫುಕೆಟ್ ದ್ವೀಪಕ್ಕೆ ಓಡಲು ಹೋದಾಗ ನನ್ನ ತಲೆಯಲ್ಲಿದ್ದ ಲೆಕ್ಕ ಸರಳವಾಗಿತ್ತು: ನಮ್ಮೂರಲ್ಲಿ 42 ಡಿಗ್ರಿ, ಅಲ್ಲಿ 28; ಅಂದಮೇಲೆ ಅದು ನನಗೆ ತಂಪು ಹವೆ. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ರಬ್ಬರ್ ತೋಟವೊಂದರ ಬೇಲಿ ಹಿಡಿದುಕೊಂಡು ನಿಂತಿದ್ದೆ. ಅಂಗಿಯ ಅಂಚಿನಿಂದ ಒಲ್ಲಿ ಹಿಂಡಿದ ಹಾಗೆ ನೀರು ಸುರಿಯುತ್ತಿತ್ತು. ಮೈ ಒಳಗಿನಿಂದ ಕುದಿಯುತ್ತಿತ್ತು. ಉಳಿದ ಏಳು ಕಿಲೋಮೀಟರ್ ನಡೆದೇ ಮುಗಿಸಿದೆ. ಮೂರು ತಾಸಿಗೂ ಮೇಲಾಯಿತು. ಮುಂದಿನ ಮಾತೆಲ್ಲ ಆ ಬೇಲಿಯಿಂದ ಕಲಿತದ್ದು, ಆಮೇಲೆ ಇನ್ನೆರಡು ಸಲ ಓಡಿ ತಿದ್ದಿಕೊಂಡದ್ದು.

ಲೆಕ್ಕ ತಪ್ಪುವುದು ಎಲ್ಲಿ

ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ 42 ಡಿಗ್ರಿ ಉಷ್ಣತೆ, ಶೇ. 20 ಆರ್ದ್ರತೆ ಎಂದು ಇಟ್ಟುಕೊಳ್ಳಿ. ಆಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 11 ಗ್ರಾಂ ನೀರಾವಿ ಇರುತ್ತದೆ. ದ್ವೀಪದ ಬೆಳಗಿನಲ್ಲಿ 28 ಡಿಗ್ರಿ, ಶೇ. 85 ಎಂದರೆ ಅದೇ ಒಂದು ಘನ ಮೀಟರಿನಲ್ಲಿ ಸುಮಾರು 23 ಗ್ರಾಂ. ಎರಡು ಪಟ್ಟು. ಈಗಾಗಲೇ ತುಂಬಿದ ಕೊಡಕ್ಕೆ ನಿಮ್ಮ ಬೆವರು ಹೋಗಿ ಸೇರಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆವಿಯಾಗದೆ ಮೊಣಕೈಯಿಂದ ತೊಟ್ಟಿಕ್ಕಿ ಡಾಂಬರಿಗೆ ಬಿದ್ದ ಬೆವರು ನೀರಿನ ಖರ್ಚೇ ಹೊರತು ತಂಪಿನ ಲಾಭವಲ್ಲ.

ಆದ್ದರಿಂದ ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಉಷ್ಣತೆಯ ಅಂಕಿಯನ್ನು ನೋಡಿ ನಿರ್ಧರಿಸಬೇಡಿ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ ಇಬ್ಬನಿ ಬಿಂದು (ಡ್ಯೂ ಪಾಯಿಂಟ್) ಎಂಬ ಇನ್ನೊಂದು ಅಂಕಿ ಇರುತ್ತದೆ. ಗಾಳಿಯನ್ನು ಎಷ್ಟು ತಣ್ಣಗೆ ಮಾಡಿದರೆ ಅದರೊಳಗಿನ ನೀರು ಹನಿಗಟ್ಟುತ್ತದೆ ಎಂಬುದರ ಲೆಕ್ಕ ಅದು. 15ಕ್ಕಿಂತ ಕಡಿಮೆ ಇದ್ದರೆ ಬೆವರು ಚೆನ್ನಾಗಿ ಒಣಗುತ್ತದೆ, 21 ದಾಟಿದರೆ ಕಷ್ಟ ಶುರು, 24ರ ಮೇಲೆ ಓಟದ ವೇಗದ ಮಾತನ್ನೇ ಬಿಡಬೇಕು. ಮೇಲಿನ ಲೆಕ್ಕದಲ್ಲಿ ನಮ್ಮ ಮೇ ಮಧ್ಯಾಹ್ನದ ಇಬ್ಬನಿ ಬಿಂದು 14ರ ಆಸುಪಾಸು, ದ್ವೀಪದ್ದು 25.

ಅಂಕಿ ಅಂಶ ಬೇಡ, ಮೈಗೇ ತಿಳಿಯಬೇಕು ಎನ್ನುವವರು ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಹೋಗಿ ಬನ್ನಿ. ಎದೆಮಟ್ಟದ ನೀರಿನಲ್ಲಿ ನಡೆದು ಹೋಗುವ ಆ ಗವಿಯೊಳಗಿನ ಗಾಳಿಯನ್ನು ನೆನಪಿಟ್ಟುಕೊಳ್ಳಿ. ಅದರಲ್ಲಿ ಎರಡೂವರೆ ತಾಸು ಓಡುವುದು ಹೇಗಿರಬಹುದು ಎಂದು ಯೋಚಿಸಿ.

ದ್ವೀಪ ಮತ್ತು ತಿಂಗಳು ಆರಿಸುವುದು

ಫುಕೆಟ್‌ನ ಲಗೂನಾ ಪ್ರದೇಶದಲ್ಲಿ ಮ್ಯಾರಥಾನ್ ನಡೆಯುವುದು ಜೂನ್‌ನಲ್ಲಿ. 2006ರಲ್ಲಿ ಶುರುವಾದದ್ದು, ಪೂರ್ಣ ದೂರದ ಜೊತೆಗೆ 21.0975 ಕಿಲೋಮೀಟರಿನ ಅರ್ಧ ದೂರವೂ ಇದೆ. ಆಗ ದ್ವೀಪದಲ್ಲಿ ಪ್ರವಾಸಿಗರು ಕಡಿಮೆ ಇರುವುದರಿಂದ ಕೋಣೆಗಳು ಅಗ್ಗ. ತೊಂದರೆ ಏನೆಂದರೆ ತಯಾರಿಯ ತಿಂಗಳುಗಳೆಲ್ಲ ನಮ್ಮ ಒಣ ಬೇಸಿಗೆಯಲ್ಲಿ ಬೀಳುತ್ತವೆ. ಒಣ ಗಾಳಿಯಲ್ಲಿ ಪಳಗಿ ಒದ್ದೆ ಗಾಳಿಗೆ ಹೋಗಿ ಬೀಳುತ್ತೀರಿ.

ಇಂಡೋನೇಷ್ಯಾದ ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲ. 2012ರಿಂದ ಅಲ್ಲಿ ನಡೆಯುತ್ತಿರುವ ಮ್ಯಾರಥಾನ್ ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಅದಕ್ಕೆ ತಯಾರಿ ಮಾಡುವವರಿಗೆ ನಮ್ಮ ಜೂನ್, ಜುಲೈ ಬೆಳಗುಗಳ ಮೋಡ, ತೇವ ಪುಕ್ಕಟೆ ಸಿಗುತ್ತದೆ. ಮೊದಲ ಸಲ ಹೋಗುವವರಿಗೆ ಬಾಲಿಯೇ ಮೇಲು ಎಂದು ನನ್ನ ಅಭಿಪ್ರಾಯ. ಪಾಸ್‌ಪೋರ್ಟ್ ಬೇಡವೆನ್ನುವವರು ಅಂಡಮಾನಿಗೆ ಹೋಗಿ, ಸ್ಪರ್ಧೆ ಇರಲಿ ಬಿಡಲಿ, ನಾಲ್ವರು ಸೇರಿ ಓಡಿ ಬರಬಹುದು. ಅಲ್ಲಿ ಗಡಿಯಾರ ನಮ್ಮದೇ, ಆದರೆ ದ್ವೀಪಗಳು ತೀರ ಪೂರ್ವಕ್ಕಿರುವುದರಿಂದ ಐದು ಗಂಟೆಯ ಹೊತ್ತಿಗೇ ಬೆಳಗಾಗಿಬಿಡುತ್ತದೆ. ಐದಕ್ಕೆ ಏಳುತ್ತೇನೆ ಎಂದರೆ ಬಿಸಿಲಿನಲ್ಲೇ ಓಡಬೇಕಾದೀತು.

ನಾನು ಓಡಿದ್ದು ಫುಕೆಟ್‌ನಲ್ಲಿ. ಕಷ್ಟದ್ದೂ ಅದೇ. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಹದಿನಾಲ್ಕು ವಾರ

ಈಗಾಗಲೇ ನಿಲ್ಲದೆ ಐದು ಕಿಲೋಮೀಟರ್ ಓಡಬಲ್ಲವರಿಗೆ ಹದಿನಾಲ್ಕು ವಾರ ಸಾಕು. ಓಡದವರು ಮೊದಲು ಆ ಐದಕ್ಕೆ ಎರಡು ತಿಂಗಳು ಕೊಡಿ. ನಲವತ್ತು ದಾಟಿದವರು, ಬಿಪಿ-ಶುಗರ್ ಇರುವವರು ವೈದ್ಯರ ಬಳಿ ಹೋಗಿ ಬಂದ ಮೇಲೆ ಮುಂದಿನ ಮಾತು.

ವಾರಕ್ಕೆ ನಾಲ್ಕು ದಿನ ಓಟ. ಮೂರು ದಿನ ಚಿಕ್ಕದು, ಭಾನುವಾರ ಉದ್ದನೆಯದು. ಭಾನುವಾರದ ಓಟ 8 ಕಿಲೋಮೀಟರಿನಿಂದ ಶುರುವಾಗಿ ವಾರಕ್ಕೊಂದು ಕಿಲೋಮೀಟರಿನಂತೆ ಏರಿ, ನಾಲ್ಕನೆಯ ಮತ್ತು ಎಂಟನೆಯ ವಾರ ಸ್ವಲ್ಪ ಇಳಿದು, ಹನ್ನೆರಡನೆಯ ವಾರ 17-18ಕ್ಕೆ ತಲುಪಬೇಕು. ಕೊನೆಯ ಎರಡು ವಾರ ಅರ್ಧಕ್ಕೆ ಇಳಿಸಿ. ಪೂರ್ತಿ 21 ಕಿಲೋಮೀಟರನ್ನು ಮೊದಲೇ ಓಡಿ ನೋಡುವ ಚಪಲ ಬೇಡ.

ಕಲಬುರಗಿಯಲ್ಲಿ ಓಡುವ ಜಾಗಗಳ ವಿಷಯ. ಅಪ್ಪನ ಕೆರೆಯ ದಂಡೆ ಬೆಳಗಿನ ಚಿಕ್ಕ ಓಟಕ್ಕೆ ಒಳ್ಳೆಯದು. ಗಾಳಿವಿಹಾರದ ಹಿರಿಯರ ನಡುವೆ ಸಂದು ಹುಡುಕಿಕೊಂಡು ಹೋಗಬೇಕು, ಅಷ್ಟೇ. ಉದ್ದನೆಯ ಓಟಕ್ಕೆ ನಾನು ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಮತ್ತು ಅದರ ಪಕ್ಕದ ಬುದ್ಧ ವಿಹಾರದ ಕಡೆಗೆ ಹೋಗುತ್ತೇನೆ, ಮರಗಳಿವೆ, ಲಾರಿಗಳಿಲ್ಲ. ರಿಂಗ್ ರೋಡಿಗೆ ಹೋಗಬೇಡಿ. ಕತ್ತಲಲ್ಲಿ ಒಬ್ಬಂಟಿಯಾಗಿ ಓಡಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಸುತ್ತು ಬೇಸರದ್ದಾದರೂ ನಿಶ್ಚಿಂತೆಯದು. ನಾನು ಮೊದಲ ಎರಡು ತಿಂಗಳು ಅಲ್ಲೇ ಗಾಣದೆತ್ತಿನಂತೆ ಸುತ್ತಿದ್ದೇನೆ. ಆಮೇಲೆ ಓಣಿಯ ಇನ್ನಿಬ್ಬರು ಸೇರಿಕೊಂಡರು. ಮೂವರಾದ ಮೇಲೆ ನಾಯಿಗಳೂ ಸುಮ್ಮನಾದವು, ನೋಡುವವರೂ ಸುಮ್ಮನಾದರು.

ನಮ್ಮ ಊರು ಸಪಾಟು. ದ್ವೀಪಗಳು ಹಾಗಲ್ಲ, ಫುಕೆಟ್‌ನ ಹೆಚ್ಚಿನ ಭಾಗ ಗುಡ್ಡವೇ, ಓಟದ ಹಾದಿಯಲ್ಲಿ ಸಣ್ಣಪುಟ್ಟ ಏರಿಳಿತ ಇದ್ದೇ ಇರುತ್ತದೆ. ಇದಕ್ಕೆ ಬೀದರ್ ಬೇಕು. 2017ರಿಂದ ಹುಮನಾಬಾದ್ ಮೇಲೆ ಬೀದರಿಗೆ ನೇರ ರೈಲು ಮಾರ್ಗವಿದೆ. ತಿಂಗಳಿಗೊಮ್ಮೆ ಹೋಗಿ, ಊರಿನಿಂದ ಅಷ್ಟೂರಿನ ಬಹಮನಿ ಗೋರಿಗಳ ಕಡೆಗೆ ಇಳಿಯುವ ರಸ್ತೆಯಲ್ಲಿ ಏರು ಅಭ್ಯಾಸ ಮಾಡಿ: ಒಂದು ನಿಮಿಷ ಏರು ಓಟ, ನಡೆದು ಇಳಿಯುವುದು, ಹೀಗೆ ಎಂಟು ಸಲ. ಇಳಿಯುವಾಗ ಓಡಬೇಡಿ, ಮೊಣಕಾಲು ಹಾಳಾಗುತ್ತದೆ. ಯಾದಗಿರಿಯವರಿಗೆ ಕೋಟೆಯ ಬೆಟ್ಟದ ಮೆಟ್ಟಿಲುಗಳೇ ಇವೆ, ರೈಲು ಹತ್ತಬೇಕಾಗಿಲ್ಲ.

ಜಿಗುಟು ಗಾಳಿಯನ್ನು ಮನೆಯಲ್ಲೇ ಮಾಡಿಕೊಳ್ಳುವುದು

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುತ್ತೀರಿ ಎಂದಾದರೆ ಇದನ್ನು ಓದಿ.

ಮೈ ಸೆಕೆಗೆ ಹೊಂದಿಕೊಳ್ಳುತ್ತದೆ. ಹತ್ತರಿಂದ ಹದಿನಾಲ್ಕು ದಿನ ಸತತವಾಗಿ ಮೈ ಬಿಸಿಯಾಗಿ ಬೆವರುವಂತೆ ಮಾಡಿದರೆ ರಕ್ತದಲ್ಲಿನ ದ್ರವದ ಪ್ರಮಾಣ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಎದೆಬಡಿತ ಇಳಿಯುತ್ತದೆ. ಇದಕ್ಕಾಗಿ ಎರಡು ವಾರ ಮೊದಲೇ ದ್ವೀಪಕ್ಕೆ ಹೋಗಿ ಕೂರುವ ಭಾಗ್ಯ ನೌಕರಿ ಮಾಡುವವರಿಗೆ ಇಲ್ಲ. ಹಾಗಾಗಿ ಮನೆಯ ಉಪಾಯಗಳು.

ಮೊದಲನೆಯದು ಕೂಲರ್. ಕೂಲರನ್ನು ಕೋಣೆಯ ಒಳಗಿಟ್ಟು, ಕಿಟಕಿ ಬಾಗಿಲು ಮುಚ್ಚಿ, ಅರ್ಧ ತಾಸು ಹಚ್ಚಿಡಿ. ಹೊರಗಿನ ಒಣ ಗಾಳಿ ಸಿಗದ ಕೂಲರ್ ಕೋಣೆಯನ್ನೇ ಒಂದು ಪುಟ್ಟ ದ್ವೀಪ ಮಾಡುತ್ತದೆ. ಆಮೇಲೆ ಕೂಲರ್ ಆರಿಸಿ, ಟ್ರೆಡ್‌ಮಿಲ್ ಇದ್ದವರು ಅದರ ಮೇಲೆ, ಇಲ್ಲದವರು ನಿಂತಲ್ಲೇ, ಇಪ್ಪತ್ತೈದು ಮೂವತ್ತು ನಿಮಿಷ ನಿಧಾನವಾಗಿ ಓಡಿ. ನೂರೈವತ್ತು ರೂಪಾಯಿಯ ಆರ್ದ್ರತೆ ಮಾಪಕವೊಂದು ಗೋಡೆಗೆ ಇದ್ದರೆ ಮುಳ್ಳು ಏರುವುದು ಕಣ್ಣಿಗೇ ಕಾಣುತ್ತದೆ. ನನ್ನ ಅತ್ತೆ ಬಾಗಿಲು ತೆರೆದು ನೋಡಿ, ಬೇಸಿಗೆಯಲ್ಲಿ ಕೂಲರ್ ಆರಿಸಿ ಬಾಗಿಲು ಮುಚ್ಚಿಕೊಂಡು ಕುಣಿಯುವ ಸೊಸೆಯ ಬಗ್ಗೆ ಏನೂ ಹೇಳದೆ ಮತ್ತೆ ಬಾಗಿಲು ಮುಚ್ಚಿದರು.

ಎರಡನೆಯದು ಬಿಸಿನೀರು. ಬೆಳಗಿನ ಓಟ ಮುಗಿದ ಕೂಡಲೇ, ಮೈ ಆರುವ ಮೊದಲು, ಬಚ್ಚಲು ಮನೆಯ ಬಾಗಿಲು ಮುಚ್ಚಿ, ಹದವಾದ ಬಿಸಿನೀರನ್ನು ಇಪ್ಪತ್ತು ನಿಮಿಷ ನಿಧಾನವಾಗಿ ಹೊಯ್ದುಕೊಳ್ಳುತ್ತ ಆವಿಯಲ್ಲಿ ಕೂರುವುದು. ಸ್ನಾನದ ತೊಟ್ಟಿ ಇರುವವರು 40 ಡಿಗ್ರಿಯ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತರೆ ಫಲ ಇನ್ನೂ ಹೆಚ್ಚು. ಓಟದಿಂದ ಬಿಸಿಯಾದ ಮೈಯನ್ನು ಇನ್ನಷ್ಟು ಹೊತ್ತು ಬಿಸಿಯಲ್ಲೇ ಇಡುವುದೇ ಇದರ ಗುಟ್ಟು. ಮನೆಯಲ್ಲಿ ಇನ್ನೊಬ್ಬರು ಇರಬೇಕು, ಚಿಲಕ ಹಾಕಬಾರದು, ತಲೆ ಸುತ್ತಿದರೆ ತಕ್ಷಣ ಹೊರಬರಬೇಕು. ಬಿಪಿ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಇದರ ತಂಟೆಗೆ ಹೋಗಕೂಡದು.

ಈ ಎರಡನ್ನೂ ಸ್ಪರ್ಧೆಗೆ ಮುಂಚಿನ ಮೂರು ವಾರಗಳಲ್ಲಿ ದಿನ ಬಿಟ್ಟು ದಿನ ಮಾಡಿ, ಕೊನೆಯ ಐದಾರು ದಿನ ದಿನವೂ ಮಾಡಿ. ತುಂಬ ಮೊದಲೇ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ; ಎರಡು ಮೂರು ವಾರದಲ್ಲಿ ಮೈ ಕಲಿತದ್ದನ್ನು ಮರೆತುಬಿಡುತ್ತದೆ. ಮೇ ಮಧ್ಯಾಹ್ನದ ಬಿಸಿಲಿನಲ್ಲಿ ಓಡುವ ಸಾಹಸ ಮಾತ್ರ ಬೇಡವೇ ಬೇಡ. ಅದು ದ್ವೀಪಕ್ಕೆ ತಯಾರಿಯಲ್ಲ, ಆಸ್ಪತ್ರೆಗೆ ತಯಾರಿ.

ದಾಲ್ ಮಿಲ್ಲಿನ ಕಾಟಾ

ನಮ್ಮ ಗಾಳಿ ಒಂದು ಮೋಸ ಮಾಡುತ್ತದೆ. ಬೆವರು ಬಂದದ್ದೇ ಗೊತ್ತಾಗದಂತೆ ಒಣಗಿಸಿಬಿಡುತ್ತದೆ. ಕಪ್ಪು ಅಂಗಿಯ ಮೇಲೆ ಬಿಳಿಯ ಉಪ್ಪಿನ ಗೆರೆ ಕಂಡಾಗಷ್ಟೇ ಗೊತ್ತು. ಎಷ್ಟು ನೀರು ಹೋಯಿತು ಎಂದು ತಿಳಿಯಲು ತೂಕವೊಂದೇ ದಾರಿ.

ನಮ್ಮ ಸೋದರಮಾವನದು ದಾಲ್ ಮಿಲ್. ಅಲ್ಲಿ ತೊಗರಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ನೂರು ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ. ಒಂದು ಭಾನುವಾರ ಓಟಕ್ಕೆ ಹೊರಡುವ ಮುನ್ನ ನಿಂತೆ: 61.4. ಒಂದೂವರೆ ತಾಸು ಓಡಿ ಬಂದು, ಬೆವರು ಒರೆಸಿ, ಒಣ ಬಟ್ಟೆ ಉಟ್ಟು ಮತ್ತೆ ನಿಂತೆ: 59.9. ಪಕ್ಕದಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ ಹಿರಿಯ ಹಮಾಲ ಕಾಕಾ ಅಂಕಿ ಬಗ್ಗಿ ನೋಡಿ, "ಒಂದೂವರೆ ಕಿಲೋ ಎಲ್ಲಿ ಚೆಲ್ಲಿ ಬಂದೆಯವ್ವಾ?" ಎಂದರು. ದಿನವೂ ತೂಕದ ಕೊರತೆಗೆ ಲೆಕ್ಕ ಕೊಡುವವರ ಪ್ರಶ್ನೆ ಅದು, ನಗುವ ಹಾಗಿರಲಿಲ್ಲ.

ಲೆಕ್ಕ ಹೀಗೆ. ಕಳೆದ ತೂಕ 1.5 ಕಿಲೋ, ನಡುವೆ ಕುಡಿದದ್ದು 300 ಮಿಲಿಲೀಟರ್. ಒಟ್ಟು ಬೆವರು 1.8 ಲೀಟರ್. ಒಂದೂವರೆ ತಾಸಿಗೆ ಭಾಗಿಸಿದರೆ ತಾಸಿಗೆ 1.2 ಲೀಟರ್. ಕಳೆದ ತೂಕ ದೇಹತೂಕದ ಶೇ. 2ನ್ನು ದಾಟಿದರೆ ಓಟ ಕುಂಟತೊಡಗುತ್ತದೆ. ನನಗೆ ಆ ಗೆರೆ 1.2 ಕಿಲೋ. ಮೊದಲು ಒಣ ದಿನ ತೂಗಿ, ಆಮೇಲೆ ಮುಚ್ಚಿದ ಕೋಣೆಯ ಓಟದ ನಂತರ ತೂಗಿ. ಎರಡರ ನಡುವಿನ ಅಂತರವೇ ನಿಮ್ಮ ದ್ವೀಪದ ಲೆಕ್ಕ.

ಹೋದಷ್ಟನ್ನೂ ಕುಡಿದು ತುಂಬಿಸಲು ಹೋಗಬೇಡಿ, ಹೊಟ್ಟೆ ಅಷ್ಟನ್ನು ಹಿಡಿಯುವುದಿಲ್ಲ. ಬಾಯಾರಿಕೆಗೆ ತಕ್ಕಂತೆ ತಾಸಿಗೆ ಅರ್ಧ ಲೀಟರಿನ ಆಸುಪಾಸು ಕುಡಿದರೆ ಹೆಚ್ಚಿನವರಿಗೆ ಸಾಕು. ಬರೀ ನೀರನ್ನು ಅತಿಯಾಗಿ ಕುಡಿಯುವುದು ಕುಡಿಯದಿರುವಷ್ಟೇ ಅಪಾಯ. ರಕ್ತದಲ್ಲಿನ ಸೋಡಿಯಂ ತೆಳುವಾಗಿ ವಾಂತಿ, ಗೊಂದಲ, ಫಿಟ್ಸ್ ತನಕ ಹೋಗಬಹುದು. ಒಂದು ಲೀಟರಿಗೆ ಕಲಸುವ ಓಆರ್‌ಎಸ್ ಪುಡಿಯ ಪೊಟ್ಟಣ ನಾಲ್ಕೈದು ಊರಿನಿಂದಲೇ ಒಯ್ಯಿರಿ. ಎಳನೀರನ್ನೇ ನಂಬಬೇಡಿ. ಅದರಲ್ಲಿ ಪೊಟ್ಯಾಶಿಯಂ ಹೇರಳ, ಬೆವರಿನಲ್ಲಿ ಹೋಗುವ ಸೋಡಿಯಂ ಮಾತ್ರ ಕಡಿಮೆ. ಓಟ ಮುಗಿದ ಮೇಲೆ ರುಚಿಗೆ ಕುಡಿಯಿರಿ, ಜೊತೆಗೆ ಉಪ್ಪಿನದೇನಾದರೂ ತಿನ್ನಿ.

ಹೊಟ್ಟೆಯ ವಿಷಯ

ಸ್ಪರ್ಧೆಗೆ ಎರಡು ದಿನ ಇರುವಾಗಲೇ ಜೋಳದ ರೊಟ್ಟಿ, ಕಾಳುಪಲ್ಲೆ, ಹಸಿ ಉಳ್ಳಾಗಡ್ಡಿ, ಮಿರ್ಚಿಭಜಿ ನಿಲ್ಲಿಸಿ. ರೊಟ್ಟಿಯನ್ನು ನಾನು ಬೈಯುತ್ತಿಲ್ಲ. ತಯಾರಿಯ ಮೂರು ತಿಂಗಳೂ ತಿಂದದ್ದು ಅದನ್ನೇ. ನಾರಿನಂಶ ಹೆಚ್ಚಿದ್ದರೆ ಹನ್ನೆರಡನೆಯ ಕಿಲೋಮೀಟರಿನಲ್ಲಿ ಶೌಚಾಲಯ ಹುಡುಕಬೇಕಾಗುತ್ತದೆ, ಅಷ್ಟೇ. ಬಿಳಿ ಅನ್ನ, ತಿಳಿಸಾರು, ಬಾಳೆಹಣ್ಣು, ಮೊಸರು ಸಾಕು.

ಸಸ್ಯಾಹಾರಿಗಳಿಗೆ ಥಾಯ್ಲೆಂಡ್ ಸುಲಭದ ದೇಶವಲ್ಲ. ತರಕಾರಿ ಎಂದು ಕೊಟ್ಟ ತಟ್ಟೆಯಲ್ಲೂ ಮೀನಿನ ರಸ ಇರುತ್ತದೆ. ಅದನ್ನು ಅವರು ನಾಮ್ ಪ್ಲಾ ಎನ್ನುತ್ತಾರೆ, ನಮಗೆ ಉಪ್ಪು ಇದ್ದ ಹಾಗೆ ಅವರಿಗೆ ಅದು. "ಜೇ" ಎಂಬ ಪದ ಕಲಿತುಕೊಳ್ಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಆ ಪದ ಬರೆದಿರುವ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇರುವುದಿಲ್ಲ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಕೂಡ ಇಲ್ಲ. ಪ್ರತಿವರ್ಷ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದೊಡ್ಡ ಸಸ್ಯಾಹಾರ ಹಬ್ಬ ಮಾಡುವ ದ್ವೀಪ ಫುಕೆಟ್, ಹಾಗಾಗಿ ಅಲ್ಲಿನ ಹಳೆಯ ಪೇಟೆಯಲ್ಲಿ ಇಂಥ ಅಂಗಡಿಗಳು ಸಿಗುತ್ತವೆ. ಆದರೂ ಸ್ಪರ್ಧೆಯ ಹಿಂದಿನ ರಾತ್ರಿ ಹೊಸ ಅಂಗಡಿಯ ಪ್ರಯೋಗ ಬೇಡ. ಒಂದು ಡಬ್ಬಿ ಒಗ್ಗರಣೆ ಅವಲಕ್ಕಿ, ಒಂದು ಪೊಟ್ಟಣ ಶೇಂಗಾ ಹಿಂಡಿ (ಚಟ್ನಿಪುಡಿ) ಚೀಲದಲ್ಲಿರಲಿ. ಅಲ್ಲಿ ಯಾವ ಸಣ್ಣ ಅಂಗಡಿಯಲ್ಲೂ ಬಿಸಿ ಅನ್ನ ಸಿಗುತ್ತದೆ. ಅನ್ನ, ಹಿಂಡಿ, ಉಪ್ಪು ಸೇರಿದರೆ ಊಟವಾಯಿತು. ಹಣ್ಣು, ಹಸಿ ತರಕಾರಿ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡುಬಿಡಬಹುದು.

ಓಟದ ನಡುವೆ ತಾಸಿಗೆ 30ರಿಂದ 60 ಗ್ರಾಂ ಸಕ್ಕರೆಯಂಶ ಬೇಕಾಗುತ್ತದೆ. ನಾನು ಮೊದಲ ಸಲ ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಂಡಿದ್ದೆ. ನಮ್ಮೂರಲ್ಲಿ ತಿಂಗಳುಗಟ್ಟಲೆ ಕಲ್ಲಿನ ಹಾಗಿರುವ ಬೆಲ್ಲ ಅಲ್ಲಿ ಅರ್ಧ ತಾಸಿನಲ್ಲಿ ನೀರೊಡೆದು, ಜೇಬು, ತೊಡೆ, ಕೈ ಎಲ್ಲ ಅಂಟಾಗಿ, ಇರುವೆಯೊಂದೇ ಬಾಕಿ. ಈಗ ಪಾಕೀಟಿನ ಜೆಲ್ ಅಥವಾ ಬೀಜ ತೆಗೆದ ಖರ್ಜೂರ. ಯಾವುದಾದರೂ ಸರಿ, ಭಾನುವಾರದ ಓಟಗಳಲ್ಲಿ ನಾಲ್ಕು ಸಲ ತಿಂದು ಹೊಟ್ಟೆಗೆ ಅಭ್ಯಾಸವಾಗಿರಬೇಕು.

ಬಟ್ಟೆ, ಬೂಟು, ಉಜ್ಜು

ಹತ್ತಿ ಬನಿಯನ್ ಬೇಡ. ಒದ್ದೆಯಾದ ಹತ್ತಿ ಒಣಗುವುದಿಲ್ಲ, ಭಾರವಾಗುತ್ತದೆ, ಚರ್ಮವನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ತೆಳುವಾದ ಪಾಲಿಯೆಸ್ಟರ್ ಅಂಗಿ, ಅದೇ ಬಗೆಯ ಕಾಲುಚೀಲ. ಒಣ ಊರಿನಲ್ಲಿ ಓಡುವವರಿಗೆ ಈ ಉಜ್ಜುಗಾಯದ ಕಲ್ಪನೆಯೇ ಇರುವುದಿಲ್ಲ. ತೊಡೆಯ ಸಂದು, ಕಂಕುಳು, ಒಳಉಡುಪಿನ ಪಟ್ಟಿ ಕೂರುವ ಜಾಗ, ಗಂಡಸರಿಗೆ ಮೊಲೆತೊಟ್ಟು, ಇಲ್ಲೆಲ್ಲ ಪೆಟ್ರೋಲಿಯಂ ಜೆಲ್ಲಿಯನ್ನು ನಾಚಿಕೆಯಿಲ್ಲದೆ ಬಳಿದುಕೊಳ್ಳಿ. ಮರೆತವರು ಸ್ನಾನ ಮಾಡುವಾಗ ಕೂಗುತ್ತಾರೆ. ಬೂಟು ಹೊಸದಿರಬಾರದು, ತೀರ ಹಳೆಯದೂ ಇರಬಾರದು. ನೂರು ಕಿಲೋಮೀಟರ್ ಓಡಿದ್ದು ಹದ. ಟೋಪಿಗಿಂತ ಮುಂಚಾಚು ಮಾತ್ರ ಇರುವ ವೈಸರ್ ಒಳ್ಳೆಯದು, ನೆತ್ತಿಯ ಶಾಖ ಹೊರಗೆ ಹೋಗಲಿ.

ಹೋಗುವುದು, ತಲುಪುವುದು

ಕಲಬುರಗಿಯಿಂದ ಹೈದರಾಬಾದಿಗೆ ರೈಲು ಅಥವಾ ಬಸ್, ಇಲ್ಲವೇ ಬೆಂಗಳೂರಿಗೆ ರಾತ್ರಿ ರೈಲು; ಮುಂದೆ ವಿಮಾನ. ಬೀದರಿನವರಿಗೆ ಹೈದರಾಬಾದ್ ಇನ್ನೂ ಹತ್ತಿರ. ಥಾಯ್ಲೆಂಡಿನ ವೀಸಾ ನಿಯಮಗಳು ಈಚಿನ ವರ್ಷಗಳಲ್ಲಿ ಬದಲಾಗುತ್ತಲೇ ಇವೆ, ಟಿಕೆಟ್ ಕೊಳ್ಳುವ ವಾರ ರಾಯಭಾರ ಕಚೇರಿಯ ಜಾಲತಾಣ ನೋಡಿಕೊಳ್ಳಿ. 2025ರ ಮೇ 1ರಿಂದ ಅಲ್ಲಿಗೆ ಹೋಗುವ ಪ್ರತಿಯೊಬ್ಬ ವಿದೇಶಿಯೂ ತಲುಪುವ ಹಿಂದಿನ ಮೂರು ದಿನಗಳೊಳಗೆ ಆಗಮನದ ಡಿಜಿಟಲ್ ಅರ್ಜಿ ತುಂಬಬೇಕು. ಸರ್ಕಾರಿ ತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ತಾಣ ಸಿಕ್ಕಿದರೆ ಅದು ನಕಲಿ ಎಂದು ತಿಳಿಯಿರಿ.

ಸ್ಪರ್ಧೆಗೆ ಮೂರು ದಿನ ಮುಂಚೆ ತಲುಪಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದು. ಬೆಳಗಿನ ಐದಕ್ಕೆ ಓಟವೆಂದರೆ ನಿಮ್ಮ ಮೈಗೆ ಅದು ಮೂರೂವರೆ. ಊರಿನಲ್ಲಿರುವಾಗಲೇ ಕೊನೆಯ ವಾರ ಎಂಟೂವರೆಗೆ ಮಲಗುವ ರೂಢಿ ಮಾಡಿಕೊಳ್ಳಿ. ಹೋದ ಮೇಲೆ ಏಸಿ ಕೋಣೆಯಲ್ಲೇ ಬಿದ್ದುಕೊಂಡಿರದೆ ದಿನಕ್ಕೆರಡು ಸಲ ಹೊರಗೆ ನಡೆಯಿರಿ. ಸಮುದ್ರ ಕಂಡ ಕೂಡಲೇ ಇಳಿಯುವ ಹುರುಪನ್ನೂ ತಡೆದುಕೊಳ್ಳಿ: ಜೂನ್‌ನಲ್ಲಿ ಫುಕೆಟ್‌ನ ಪಶ್ಚಿಮ ದಂಡೆಗೆ ಮುಂಗಾರಿನ ಅಲೆಗಳು ಬಡಿಯುತ್ತವೆ. ಮರಳಿನಲ್ಲಿ ಕೆಂಪು ಬಾವುಟ ನೆಟ್ಟಿದ್ದರೆ ಮೊಣಕಾಲುದ್ದಕ್ಕೂ ಇಳಿಯಬಾರದು. ಭೀಮಾ ನದಿಯಲ್ಲಿ ಈಜಿದ ಅನುಭವ ಅಲ್ಲಿ ನಡೆಯುವುದಿಲ್ಲ.

ಓಟದ ಬೆಳಗು

ಎರಡೂವರೆ ತಾಸು ಮೊದಲೇ ಎದ್ದು ಅವಲಕ್ಕಿ, ಬಾಳೆಹಣ್ಣು ತಿಂದು, ಎರಡು ಲೋಟ ಓಆರ್‌ಎಸ್ ಕುಡಿಯಿರಿ. ಆಮೇಲೆ ಓಟ ಶುರುವಾಗುವವರೆಗೆ ಗುಟುಕು ಮಾತ್ರ. ನೋವು ನಿವಾರಕ ಮಾತ್ರೆ ನುಂಗಿ ಓಡಲು ಹೊರಡಬೇಡಿ; ನೀರು ಕಡಿಮೆಯಾದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಹೊರೆ.

ಇನ್ನು ವೇಗ. ಊರಿನಲ್ಲಿ ಕಿಲೋಮೀಟರಿಗೆ ಆರೂವರೆ ನಿಮಿಷದಲ್ಲಿ ಓಡುತ್ತೀರಿ ಎಂದರೆ 2 ತಾಸು 17 ನಿಮಿಷಕ್ಕೆ ಮುಗಿಯಬೇಕು. ದ್ವೀಪದಲ್ಲಿ ಏಳು ನಿಮಿಷಕ್ಕೆ ಶುರುಮಾಡಿ. 2 ತಾಸು 28 ನಿಮಿಷವಾಗುತ್ತದೆ. ಹನ್ನೊಂದು ನಿಮಿಷ ಕೊಟ್ಟು ಆಸ್ಪತ್ರೆಯ ಚೀಟಿ ತಪ್ಪಿಸಿಕೊಂಡ ಹಾಗೆ. ಕೈಗಡಿಯಾರಕ್ಕಿಂತ ಉಸಿರನ್ನು ನಂಬಿ: ಬಾಯಿಪಾಠವಿರುವ ಒಂದು ವಚನವನ್ನು ನಡುವೆ ಏದುಸಿರು ಬಿಡದೆ ಹೇಳಲು ಆಗಬೇಕು. ಆಗದಿದ್ದರೆ ನಿಧಾನಿಸಿ. ಮೊದಲ ಐದು ಕಿಲೋಮೀಟರ್ ಕತ್ತಲೆ, ಗದ್ದಲ, ಹುರುಪು. ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ. ಅವರಲ್ಲಿ ಅರ್ಧ ಮಂದಿ ಹದಿನೈದರ ನಂತರ ನಡೆಯುತ್ತ ಸಿಗುತ್ತಾರೆ, ನಾನೂ ಹಾಗೆ ಸಿಕ್ಕವಳೇ.

ನೀರಿನ ಮೇಜು ಬಂದಾಗಲೆಲ್ಲ ನಡೆಯಿರಿ. ಒಂದು ಲೋಟ ಬಾಯಿಗೆ, ಒಂದು ಲೋಟ ಕುತ್ತಿಗೆಗೆ. ಸ್ಪಂಜು, ಮಂಜುಗಡ್ಡೆ ಕೊಟ್ಟರೆ ಬಿಡಬೇಡಿ. ಮಂಜುಗಡ್ಡೆಯನ್ನು ಅಂಗಿಯೊಳಗೆ, ಅಂಗೈಯಲ್ಲಿ ಇಟ್ಟುಕೊಂಡು ಓಡಿ. ಆವಿಯಾಗದ ಗಾಳಿಯಲ್ಲಿ ಮೈ ತಣಿಸುವುದು ಆ ತಣ್ಣನೆಯ ಸ್ಪರ್ಶವೊಂದೇ. ಮಳೆ ಬಂದರೆ ಅದೃಷ್ಟ.

ನೋಟದ ಮಾತು ಹೇಳದೆ ಬಿಟ್ಟರೆ ಅಷ್ಟು ದೂರ ಹೋದದ್ದು ಯಾಕೆ? ಲಗೂನಾ ಎಂಬ ಜಾಗ ಮೊದಲು ತವರದ ಗಣಿಯಾಗಿತ್ತು. ಅಗೆದು ಬಿಟ್ಟ ಹೊಂಡಗಳೇ ಇಂದಿನ ಕೆರೆಗಳು. ನಮ್ಮ ಶಹಾಬಾದ್ ಕಡೆಯ ಕಲ್ಲುಗಣಿಯ ಹೊಂಡಗಳನ್ನು ನೋಡಿ ಬೆಳೆದ ನನಗೆ ಆ ನೀರಿನ ದಂಡೆಯಲ್ಲಿ ಓಡುವಾಗ ವಿಚಿತ್ರವೆನಿಸಿತು. ಅಲ್ಲಿಂದ ಹಾದಿ ಹಳ್ಳಿಗಳ ಕಡೆಗೆ ತಿರುಗುತ್ತದೆ. ಬಾಂಗ್ ತಾವೊ ಭಾಗದಲ್ಲಿ ಮುಸ್ಲಿಂ ಕುಟುಂಬಗಳೇ ಹೆಚ್ಚು. ಬೆಳಕು ಹರಿಯುವ ಮುನ್ನ ಮಸೀದಿಯಿಂದ ಆಜಾನ್ ಕೇಳಿತು. ಕಣ್ಣು ಮುಚ್ಚಿದ್ದರೆ ನಮ್ಮ ದರ್ಗಾದ ಬೀದಿಯೇ. ಓಣಿಯ ಬಾಗಿಲಲ್ಲಿ ಅಜ್ಜಿಯೊಬ್ಬರು ಕುರ್ಚಿ ಹಾಕಿಕೊಂಡು ಕೂತು ಹೋಗುವವರಿಗೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ರಬ್ಬರ್ ಮರಗಳಿಗೆ ಕಟ್ಟಿದ ಬಟ್ಟಲುಗಳಲ್ಲಿ ಹಾಲು ತೊಟ್ಟಿಕ್ಕುತ್ತಿರುತ್ತದೆ, ಹತ್ತಿರ ಹೋದರೆ ಹುಳಿ ವಾಸನೆ. ಎರಡನೆಯ ಸಲ ಹೋದಾಗ ನನ್ನ ಬೇಲಿಯ ಹತ್ತಿರ ನಿಂತು ಒಂದು ಫೋಟೊ ತೆಗೆದುಕೊಂಡೆ. ಅರ್ಧ ನಿಮಿಷ ಹೋಯಿತು, ಹೋಗಲಿ.

ಅಪಾಯದ ಗುರುತುಗಳನ್ನು ಜೊತೆಯವರಿಗೂ ಹೇಳಿಟ್ಟಿರಿ. ಸೆಕೆಯಲ್ಲೂ ಚಳಿ ಎನಿಸುವುದು, ರೋಮ ನಿಮಿರುವುದು, ತೂರಾಡುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುವುದು. ಇವುಗಳಲ್ಲಿ ಯಾವುದು ಕಂಡರೂ ಓಟ ಅಲ್ಲಿಗೆ ಮುಗಿಯಿತು. ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಗೊಂದಲ ಶುರುವಾಗಿದ್ದರೆ ಮೊದಲು ತಣ್ಣೀರಿನ ತೊಟ್ಟಿ ಅಥವಾ ಮಂಜುಗಡ್ಡೆ, ಆಮೇಲೆ ಆಂಬುಲೆನ್ಸ್. ಬೆವರು ಸುರಿಯುತ್ತಿದೆ, ಹಾಗಾಗಿ ಬಿಸಿಲು ಬಡಿದಿಲ್ಲ ಎಂದುಕೊಳ್ಳಬೇಡಿ. ಓಟಗಾರರಲ್ಲಿ ಮೈ ತೊಯ್ದಿರುವಾಗಲೇ ಇದು ಆಗುತ್ತದೆ. ನಮ್ಮಜ್ಜಿ ಪ್ರತಿ ಬೇಸಿಗೆಯಲ್ಲೂ ಬಿಸಿಲು ಬಡಿಯದಿರಲಿ ಎಂದು ಜೇಬಿಗೊಂದು ಉಳ್ಳಾಗಡ್ಡಿ ಹಾಕಿ ಕಳಿಸುತ್ತಿದ್ದಳು. ಮೊದಲ ಸಲ ಹೊರಟಾಗ ಅಮ್ಮನೂ ಚೀಲದಲ್ಲಿ ಒಂದು ಇಟ್ಟಿದ್ದಳು. ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹಾಕುವಾಗ ಮನಸ್ಸು ಚುಚ್ಚಿತು.

ಗೆರೆ ದಾಟಿದ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಮೈ ಒರೆಸಿ, ಒಣ ಬಟ್ಟೆ ಹಾಕಿ, ನೆರಳಿನಲ್ಲಿ ಉಪ್ಪಿನ ಗಂಜಿಯನ್ನೋ ಸೂಪನ್ನೋ ಕುಡಿಯಿರಿ. ಅದೇ ದಿನದ ವಿಮಾನ ಹಿಡಿಯಬೇಡಿ. ಬೂಟಿನ ಒಳಹಾಸು ತೆಗೆದು, ಹಳೆಯ ಪತ್ರಿಕೆಯನ್ನು ಉಂಡೆಮಾಡಿ ತುರುಕಿ, ಎರಡು ತಾಸಿಗೊಮ್ಮೆ ಕಾಗದ ಬದಲಿಸಿ. ನಾನು ಹಾಗೆ ಮಾಡಿಯೂ ಅವು ಮೂರು ದಿನ ಒಣಗಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೂಗು ಮುಚ್ಚಿಕೊಂಡು ಊರಿಗೆ ತಂದು ಮಾಳಿಗೆಯ ಮೇಲೆ ಇಟ್ಟೆ. ಮಳೆ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಹತ್ತಿ ನೋಡುವಷ್ಟರಲ್ಲಿ ಹಪ್ಪಳದ ಹಾಗಾಗಿದ್ದವು.